ಫ್ಯಾನಿಗೆ ವೆಲ್ಡಿಂಗ್ ಮಾಡಿಸುವ ಮುನ್ನ ಅರ್ಥ್ ಕ್ಲ್ಯಾಂಪ್ ಎಲ್ಲಿದೆ ನೋಡಿ

ಹಾಸನ, ಚಿಕ್ಕಮಗಳೂರು ಕಡೆ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ (ಕಾಫಿ ಬೀಜದ ಸಿಪ್ಪೆ ತೆಗೆದು ಹದಮಾಡುವ ಕಾರ್ಖಾನೆ) ಹೊಟ್ಟು ಎಳೆಯುವ ಫ್ಯಾನ್ ನೋಡಿಕೊಳ್ಳುವವರು ದಯವಿಟ್ಟು ಓದಿ.

ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಒಂದೇ ಸೀಸನ್ನಿನಲ್ಲಿ ಒಂದೇ ಫ್ಯಾನಿನ ಬೇರಿಂಗ್ ಮೂರು ಸಲ ಹೋಯಿತು. 50 ಮಿ.ಮೀ. ಶಾಫ್ಟ್, ಪ್ಲಮ್ಮರ್ ಬ್ಲಾಕಿನಲ್ಲಿ (ಬೇರಿಂಗ್ ಕೂರುವ ಗೂಡು) 22211 ನಂಬರಿನ ರೋಲರ್ ಬೇರಿಂಗ್. ಮೊದಲ ಸಲ ಡೂಪ್ಲಿಕೇಟ್ ಮಾಲು ಎಂದರು. ಎರಡನೇ ಸಲ ಗ್ರೀಸ್ ಸಾಲದೆಂದು ಬ್ಲಾಕ್ ಭರ್ತಿ ಒತ್ತಿದರು, ಬಿಸಿ ಇನ್ನೂ ಏರಿತು. ಆ ಎರಡೂ ಗುಜರಿಗೆ ಹೋದವು. ಮೂರನೆಯದು ಮಾತ್ರ ಉಳಿದಿತ್ತು. ಈ ಬೇರಿಂಗನ್ನು ಕತ್ತರಿಸಬೇಕಿಲ್ಲ, ಹೊರ ರಿಂಗನ್ನು ಓರೆಯಾಗಿ ತಿರುಗಿಸಿದರೆ ರೇಸ್, ಅಂದರೆ ರೋಲರ್ ಉರುಳುವ ದಾರಿ, ಕಾಣುತ್ತದೆ. ರೋಲರುಗಳ ಅಂತರಕ್ಕೆ ಸರಿಯಾಗಿ ಕಪ್ಪು ಚುಕ್ಕೆಗಳು, ಅಂಚು ಕರಗಿದ ಸಣ್ಣ ಗುಳಿಗಳು. ಚಕ್ಕೆ ಎದ್ದಿದ್ದು ಅಲ್ಲಿಂದಲೇ.

ಹೊಟ್ಟಿನ ಧೂಳಿಗೆ ಬ್ಲೇಡ್ ಸವೆಯುತ್ತದೆ. ಸವೆದಾಗಲೆಲ್ಲ ಫ್ಯಾನ್ ಬಿಚ್ಚದೆ ನಿಂತಲ್ಲೇ ವೆಲ್ಡಿಂಗ್ ತುಂಬುತ್ತಿದ್ದರು. ವೆಲ್ಡಿಂಗ್ ರಾಡ್ ಹಿಡಿಯುವ ಹೋಲ್ಡರ್ ಬ್ಲೇಡಿನ ಮೇಲೆ, ಕರೆಂಟನ್ನು ಮೆಷಿನ್ನಿಗೆ ವಾಪಸ್ ಒಯ್ಯುವ ಅರ್ಥ್ ಕ್ಲ್ಯಾಂಪ್ ಕೆಳಗಿನ ಚಾನೆಲ್ ಫ್ರೇಮಿಗೆ. ಕರೆಂಟಿಗೆ ದಾರಿ ಬೇರೆ ಎಲ್ಲಿದೆ? ಬ್ಲೇಡಿನಿಂದ ಶಾಫ್ಟ್, ಶಾಫ್ಟಿನಿಂದ ಬೇರಿಂಗ್, ಅಲ್ಲಿಂದ ಬ್ಲಾಕ್, ಫ್ರೇಮ್. ರೋಲರ್ ರೇಸನ್ನು ಮುಟ್ಟುವುದು ಕೂದಲೆಳೆಯಷ್ಟು ಅಗಲದಲ್ಲಿ. ಅಲ್ಲಿ ಕಿಡಿ ಹಾರಿ ಉಕ್ಕು ಕರಗುತ್ತದೆ. ಮೋಸ ಇರುವುದು ಮುಂದೆ: ಫ್ಯಾನ್ ಅಂದೇ ನಿಲ್ಲುವುದಿಲ್ಲ. ಎಷ್ಟೋ ದಿನ ಓಡಿ ಆಮೇಲೆ ಸದ್ದು ಶುರುವಾಗುವುದರಿಂದ ವೆಲ್ಡಿಂಗ್ ಯಾರ ನೆನಪಿಗೂ ಬರುವುದಿಲ್ಲ.

ಮಳೆಗಾಲದಲ್ಲಿ ನಿಂತ ಯಂತ್ರ ಪಕ್ಕದ ಮೋಟಾರಿನ ಅದುರುವಿಕೆಗೆ ಸಿಕ್ಕರೂ ಇದೇ ಅಂತರದಲ್ಲಿ ಗುರುತು ಬೀಳಬಹುದು. ಆದರೆ ಅಲ್ಲಿ ಕರಗಿದ ಅಂಚು ಇರುವುದಿಲ್ಲ, ಸವೆದ ತಗ್ಗು, ಹೆಚ್ಚಾಗಿ ಕೆಂಪು ಪುಡಿ ಇರುತ್ತದೆ. ಎರಡಕ್ಕೂ ಮದ್ದು ಬೇರೆ ಬೇರೆ, ಭೂತಗನ್ನಡಿ ಹಿಡಿದೇ ನೋಡಿ.

ಸಾಧ್ಯವಿದ್ದರೆ ಇಂಪೆಲ್ಲರ್ (ಬ್ಲೇಡುಗಳಿರುವ ಚಕ್ರ) ಬಿಚ್ಚಿ ಹೊರಗೆ ವೆಲ್ಡ್ ಮಾಡಿಸಿ. ಆಗದಿದ್ದರೆ ಪೇಂಟ್ ಉಜ್ಜಿ ತೆಗೆದು, ವೆಲ್ಡ್ ಆಗುವ ಅದೇ ಬ್ಲೇಡಿಗೆ, ಗೇಣು ದೂರದೊಳಗೆ ಕ್ಲ್ಯಾಂಪ್ ಕಚ್ಚಿಸಿ. ವೆಲ್ಡರ್ ಹತ್ತಿರ ನಿಂತು ಇದೊಂದನ್ನು ಕಣ್ಣಾರೆ ನೋಡಿ. ತುಂಬಿದ ಲೋಹದಿಂದ ತೂಕ ಏರುಪೇರಾಗಿರುತ್ತದೆ, ಬ್ಯಾಲೆನ್ಸಿಂಗ್ ಮಾಡಿಸದೆ ಚಾಲೂ ಮಾಡಬೇಡಿ. ಫ್ಯಾನಿಗೆ ಸಾಮಾನ್ಯವಾಗಿ ಜಿ 6.3 ಬ್ಯಾಲೆನ್ಸಿಂಗ್ ದರ್ಜೆ ಕೇಳಿ.

ಗ್ರೀಸ್ ಲೆಕ್ಕ: ಈ ಬೇರಿಂಗಿನ ಹೊರ ವ್ಯಾಸ 100 ಮಿ.ಮೀ., ಅಗಲ 25 ಮಿ.ಮೀ., ಎರಡನ್ನೂ ಗುಣಿಸಿ 0.005ರಿಂದ ಗುಣಿಸಿದರೆ 12.5 ಗ್ರಾಂ. ಮರುಪೂರಣಕ್ಕೆ ಅಷ್ಟೇ ಸಾಕು. ನಿಮ್ಮ ಗನ್ನಿನ ಹತ್ತು ಒತ್ತು ಎಷ್ಟು ತೂಗುತ್ತದೆಂದು ಒಮ್ಮೆ ತಕ್ಕಡಿಯಲ್ಲಿ ನೋಡಿಟ್ಟುಕೊಳ್ಳಿ.

ಕೆಟ್ಟ ಬೇರಿಂಗನ್ನು ಗ್ಯಾಸ್ ಕಟರಿನಿಂದ ಕೊಯ್ಯಬೇಡಿ, ನೋಡುವ ಮೊದಲೇ ಡೀಸೆಲ್‌ನಲ್ಲಿ ತೊಳೆಯಬೇಡಿ. ಬಿಚ್ಚುವ ಮುಂಚೆ ಮೇಲ್ಭಾಗ ಯಾವುದು, ಪುಲ್ಲಿ ಕಡೆಯದು ಯಾವುದು ಎಂದು ಗುರುತು ಹಾಕಿ, ಹಳೆ ಗ್ರೀಸನ್ನು ಡಬ್ಬಿಯಲ್ಲಿ ಎತ್ತಿಡಿ.