ಮಾಂಸಕ್ಕೂ ಕತ್ತರಿ, ಜೇಬಿಗೂ ಕತ್ತರಿ

ದನದ ಮಾಂಸ ತಿನ್ನದವರು ಇದನ್ನು ದಾಟಿ ಹೋಗಿ. ತಿನ್ನುವವರು, ಅದರಲ್ಲೂ ದಕ್ಷಿಣ ಕೊರಿಯಾದ ಸೋಲ್‌ಗೆ ಬರುವ ಯೋಚನೆ ಇರುವವರು, ಹೊರಡುವ ಮುಂಚೆ ಒಮ್ಮೆ ಓದಿ.

ನಾನು ಎರಡು ವರ್ಷದಿಂದ ಸುವೊನ್‌ನಲ್ಲಿದ್ದೇನೆ. ಗಾಲ್ಬಿ, ಅಂದರೆ ಕೆಂಡದ ಮೇಲೆ ಸುಡುವ ಪಕ್ಕೆಲುಬಿನ ಮಾಂಸಕ್ಕೆ ಇಡೀ ಕೊರಿಯಾದಲ್ಲೇ ಹೆಸರಾದ ಊರು ಇದು. ಇಂಥ ಊರಲ್ಲಿ ಮನೆ ಮಾಡಿಕೊಂಡು, ಸೋಲ್‌ಗೆ ಹೋಗಿ ಗಾಲ್ಬಿ ತಿಂದು ಬೇಸ್ತು ಬಿದ್ದೆ. ಕೊರಿಯನ್ ಅಕ್ಷರ ಕೂಡಿಸಿಕೊಂಡು ಓದಲೂ ಬರುತ್ತೆ ನನಗೆ. ಹಾಗಾಗಿ ಭಾಷೆ ಬರಲ್ಲ ಅನ್ನುವ ನೆಪವೂ ಇಲ್ಲ.

ಮಂಗಳೂರಿನಿಂದ ಅಕ್ಕ, ಭಾವ ಬಂದಿದ್ದರು. ಭಾವನಿಗೆ ಒಂದೇ ಆಸೆ, 'ಹನ್‌ವೂ' ತಿನ್ನಬೇಕು. ಹನ್‌ವೂ ಅಂದರೆ ಕೊರಿಯಾದ ನಾಟಿ ತಳಿಯ ದನ. ಮಾಂಸದ ಒಳಗೆ ಕೊಬ್ಬು ಬಲೆಯ ಹಾಗೆ ಹರಡಿರುತ್ತೆ. 1++ ಅನ್ನುವುದು ಅದರ ಎಲ್ಲಕ್ಕಿಂತ ಮೇಲಿನ ದರ್ಜೆ. ಯೂಟ್ಯೂಬ್‌ನಲ್ಲಿ ನೋಡಿ ನೋಡಿ ಭಾವನಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತಿತ್ತು.

ಸೋಲ್‌ನ ಮ್ಯೊಂಗ್‌ಡಾಂಗ್ ಪೇಟೆ ಸುತ್ತಿ ಎಲ್ಲರಿಗೂ ಕಾಲು ನೋವು. ಪಕ್ಕದ ಗಲ್ಲಿಯಲ್ಲಿ ಹಳೇ ಮರದ ಬಾಗಿಲಿನ ಹೋಟೆಲ್ ಕಂಡಿತು. ದೊಡ್ಡ ಅಕ್ಷರದಲ್ಲಿ 'ಹನ್‌ವೂ' ಅಂತ ಬೋರ್ಡು. ಕೆಳಗೆ ತಟ್ಟೆ ತುಂಬ ಗಾಲ್ಬಿಯ ಫೋಟೋ, ಪಕ್ಕದಲ್ಲಿ 28,900 ವೊನ್. "ಪರವಾಗಿಲ್ವೇ!" ಅಂದರು ಭಾವ. ನಾನೂ ತಲೆ ಆಡಿಸಿದೆ.

ಮೊದಲ ತಪ್ಪು ಅಲ್ಲೇ. ಆ ರೇಟು ತಟ್ಟೆಗಲ್ಲ, 100 ಗ್ರಾಂಗೆ. 2013ರಿಂದ ಇಲ್ಲಿ ಹೋಟೆಲಿನವರು ಮಾಂಸಕ್ಕೆ 100 ಗ್ರಾಂ ಲೆಕ್ಕದ ರೇಟು ಹಾಕಲೇಬೇಕು. ಗಿರಾಕಿಗೆ ಅನುಕೂಲ ಆಗಲಿ ಅಂತ ಮಾಡಿದ ನಿಯಮ ಅದು. ಇವರು ಅದನ್ನೇ ತುಂಬಿದ ತಟ್ಟೆಯ ಪಕ್ಕ ಅಂಟಿಸಿದ್ದರು. ಒಳಗೆ ಮೆನುವಿನಲ್ಲಿ ಒಂದು 'ಇನ್ಬುನ್', ಅಂದರೆ ಒಬ್ಬರ ಪಾಲು, 180 ಗ್ರಾಂ, 52,000 ವೊನ್. ಗ್ರಾಂ ಲೆಕ್ಕ ಕಂಡೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ. ಒಂದೊಂದು ಕಡೆ ಒಂದೊಂದು ಅಳತೆ ಇರುತ್ತೆ, 150, 180, 200. ಬರೀ ರೇಟು ನೋಡಿ ಎರಡು ಹೋಟೆಲ್ ಹೋಲಿಸಿದರೆ ಏನೂ ಗೊತ್ತಾಗಲ್ಲ.

ಕೂತ ಮೇಲೆ ಎದ್ದು ಹೋಗುವುದು ಹೇಗೆ? ಭಾವನ ಮುಂದೆ ಮರ್ಯಾದೆ ಪ್ರಶ್ನೆ. ನಾಲ್ಕು ಪಾಲು ಹೇಳಿದೆ.

ಬಡಿಸುವ ಹೆಂಗಸನ್ನು ಇಲ್ಲಿ 'ಇಮೊ' ಅಂತ ಕರೆಯುವುದುಂಟು. ತಾಯಿಯ ತಂಗಿ ಅಥವಾ ಅಕ್ಕ, ನಮ್ಮ ಚಿಕ್ಕಮ್ಮ, ದೊಡ್ಡಮ್ಮನ ಹಾಗೆ. ನಮ್ಮ ಇಮೊ ನಾಲ್ಕೂ ಪಾಲನ್ನು ಒಂದೇ ಸಲ ಕೆಂಡದ ಮೇಲೆ ಸುರಿದು, ಕತ್ತರಿಯಲ್ಲಿ ಚಕಚಕ ಕತ್ತರಿಸಿದರು. ಸ್ವಲ್ಪ ಸ್ವಲ್ಪ ಸುಟ್ಟು ಬಿಸಿಬಿಸಿ ತಿನ್ನಬೇಕಾದ ಮಾಂಸ ಇದು. ಹತ್ತು ನಿಮಿಷದಲ್ಲಿ ಅರ್ಧ ಕರಕಲು, ತಟ್ಟೆ ಖಾಲಿ. ಆಗಲೇ ಅವರು ಇನ್ನೊಂದು ತಟ್ಟೆ ತಂದರು. ನಾವು ಕೇಳಿರಲಿಲ್ಲ. ನಗುತ್ತಾ ಏನೋ ಅಂದು ಕೆಂಡಕ್ಕೆ ಹಾಕಿಯೇ ಬಿಟ್ಟರು.

ನಾನು ಅದನ್ನು 'ಸರ್ವಿಸ್' ಅಂದುಕೊಂಡೆ. ಕೊರಿಯಾದಲ್ಲಿ ಹೋಟೆಲಿನವರು 'ಸರ್ವಿಸ್' ಅಂದರೆ ಪುಕ್ಕಟೆ ಕೊಟ್ಟಿದ್ದು ಅಂತ ಅರ್ಥ. ಕಿಮ್ಚಿ, ಮೊಳಕೆ ಕಾಳಿನ ಪಲ್ಯದಂಥ ಬಾನ್ಚಾನ್‌ಗಳನ್ನು ಎಷ್ಟು ಸಲ ಕೇಳಿದರೂ ಸುಮ್ನೆ ತಂದು ಹಾಕುತ್ತಾರೆ. ಆ ರೂಢಿಯಲ್ಲಿ ಮಾಂಸವೂ ಹಾಗೇ ಬಂತು ಅಂದುಕೊಂಡೆ ನೋಡಿ, ಎಂಥ ಬುದ್ಧಿ! ಮಾಂಸ ಯಾರೂ ಹಾಗೆ ಕೊಡಲ್ಲ. ಕೇಳದೆ ತಟ್ಟೆ ಬಂದರೆ ಕೆಂಡಕ್ಕೆ ಬೀಳುವ ಮುಂಚೆ ಕೈ ಅಡ್ಡ ಹಿಡಿದು "ಸರ್ವಿಸ್?" ಅಂತ ಕೇಳಿ. ಈ ಒಂದು ಪದ ಸಾಕು.

ಬಿಲ್ಲು ಹೀಗೆ. ಮೊದಲ ನಾಲ್ಕು ಪಾಲು 2,08,000. ಕೇಳದೆ ಬಂದ ಎರಡು ಪಾಲು 1,04,000. ತಣ್ಣನೆಯ ನೂಡಲ್ಸ್ ನಾಲ್ಕು 48,000. ಎರಡು ಬಾಟಲಿ ಸೋಜು, ಅಂದರೆ ಇಲ್ಲಿನ ಸಾರಾಯಿ, 10,000. ಒಟ್ಟು 3,70,000 ವೊನ್. ನಮ್ಮ ದುಡ್ಡಲ್ಲಿ 22 ಸಾವಿರದ ಮೇಲೆ! ಕೇಳಿದ್ದಕ್ಕೆ ಗಲ್ಲಾದಲ್ಲಿದ್ದವರು "ತಿಂದಿರಲ್ಲಾ" ಅಂದರು. ತಿಂದಿದ್ದು ಹೌದು. ಕಾರ್ಡ್ ಕೊಟ್ಟೆ.

ಕಾರ್ಡ್ ವಾಪಸ್ ಬರುವಷ್ಟರಲ್ಲಿ ಕಣ್ಣು ಗೋಡೆಯ ಮೇಲೆ ಬಿತ್ತು. 'ವೊನ್ಸಾಂಜಿ' ಹಾಳೆ. ಯಾವ ಮಾಂಸ ಎಲ್ಲಿಂದ ಬಂದಿದ್ದು ಅಂತ ಪ್ರತಿ ಹೋಟೆಲಿನಲ್ಲೂ ತೋರಿಸಲೇಬೇಕು. ಬೆನ್ನಿನ ಮಾಂಸ: ಗುಂಗ್ನೆಸಾನ್ ಹನ್‌ವೂ. ಗಾಲ್ಬಿ: ಮಿಗುಕ್‌ಸಾನ್. ಮಿಗುಕ್ ಅಂದರೆ ಅಮೆರಿಕ. ನಾವು ತಿಂದಿದ್ದು ಅಮೆರಿಕದ ದನ. ಸೋಯಾ ಸಾಸು, ಬೆಳ್ಳುಳ್ಳಿ, ಪೇರ್ ಹಣ್ಣಿನ ರಸದಲ್ಲಿ ನೆನೆಸಿಟ್ಟರೆ ಯಾವ ದೇಶದ್ದು ಅಂತ ಯಾರ ನಾಲಿಗೆಗೂ ಗೊತ್ತಾಗಲ್ಲ. ಬೋರ್ಡಿನಲ್ಲಿ ಹನ್‌ವೂ ಅಂತ ಇತ್ತು, ಒಳಗೆ ಹನ್‌ವೂ ಕೂಡ ಇತ್ತು. ನಾವು ತಿಂದ ಗಾಲ್ಬಿ ಮಾತ್ರ ಅದಲ್ಲ. ಆ ಎರಡು ಪಾಲಿನ ಮಾತು ಬಿಟ್ಟರೆ ಸುಳ್ಳು ಅನ್ನಲು ಒಂದಕ್ಷರವೂ ಸಿಗಲಿಲ್ಲ. ನನಗೆ ಜಾಸ್ತಿ ಉರಿದದ್ದು ಅದಕ್ಕೇ.

ಗುಂಗ್ನೆಸಾನ್, ಅಂದರೆ ದೇಶದ್ದು, ಅಂತಷ್ಟೇ ಕಂಡರೂ ಹಿಗ್ಗಬೇಡಿ. ಅದರ ಮುಂದೆ 'ಯುಗು' ಅಂತ ಇದ್ದರೆ ಅದು ಹೆಚ್ಚಾಗಿ ಮಾಂಸಕ್ಕೆಂದೇ ಸಾಕಿದ, ಹೋಲ್‌ಸ್ಟೀನ್ ಅನ್ನುವ ಹಾಲಿನ ತಳಿಯ ಹೋರಿ, ಹನ್‌ವೂ ಅಲ್ಲ. ಹೋಜುಸಾನ್ ಅಂದರೆ ಆಸ್ಟ್ರೇಲಿಯಾದ್ದು. ಓದಲು ಬರದಿದ್ದರೆ ಆ ಹಾಳೆಗೆ ಫೋನ್ ಹಿಡಿದು ಅನುವಾದ ಮಾಡಿಸಿ. ಅದೂ ಚಪ್ಪಲಿ ಬಿಚ್ಚುವ ಮುಂಚೆ. ಜಗಳ ಆದರೆ 1330ಕ್ಕೆ ಫೋನ್ ಮಾಡಿ. ಪ್ರವಾಸಿಗರಿಗೆಂದೇ ಇರುವ ನಂಬರು, ಇಂಗ್ಲಿಷ್‌ನಲ್ಲೂ ಮಾತಾಡುತ್ತಾರೆ. ನನಗೆ ಆ ಹೊತ್ತಿಗೆ ನೆನಪೇ ಆಗಲಿಲ್ಲ.

ಹನ್‌ವೂ ತಿನ್ನಲೇಬೇಕು ಅಂತಿದ್ದರೆ ಸೋಲ್‌ನ ಮಾಜಾಂಗ್‌ಡಾಂಗ್ ಮಾಂಸದ ಮಾರುಕಟ್ಟೆಗೆ ಹೋಗಿ. ಆಮೇಲೆ ನಾನೂ ಹೆಂಡತಿಯೂ ಹೋಗಿದ್ದೆವು. ಅಂಗಡಿಯಲ್ಲಿ ದರ್ಜೆ, ತೂಕ, ರೇಟು ನೋಡಿ ಮಾಂಸ ಕೊಳ್ಳುವುದು, ಸುಟ್ಟುಕೊಳ್ಳುವ ಜಾಗದಲ್ಲಿ ತಲೆಗೆ ಇಷ್ಟು ಅಂತ 'ಸಾಂಗ್ಚಾರಿಮ್' ದುಡ್ಡು ಕೊಟ್ಟು ಕೂರುವುದು. ಕೆಂಡ, ಸೊಪ್ಪು, ಬಾನ್ಚಾನ್ ಎಲ್ಲ ಅದರಲ್ಲೇ. ಬರೀ ಉಪ್ಪು ಹಚ್ಚಿ ತಿಂದೆವು. ಆಗ ಗೊತ್ತಾಯಿತು ಭಾವ ಯಾಕೆ ಅಷ್ಟು ಆಸೆ ಪಟ್ಟಿದ್ದರು ಅಂತ.

ಅವರಿಗೆ ನಾನು ಇನ್ನೂ ಹೇಳಿಲ್ಲ. ಊರಲ್ಲಿ ಸಿಕ್ಕವರಿಗೆಲ್ಲ ಹನ್‌ವೂ ರುಚಿ ವರ್ಣಿಸುತ್ತಿದ್ದಾರಂತೆ. "ಬಾಯಲ್ಲಿ ಇಟ್ಟರೆ ಬೆಣ್ಣೆ ಮಾರಾಯಾ, ಕೊರಿಯಾದ ದನವೇ ಬೇರೆ" ಅಂತ.