ಫ್ಲೋರೈಡ್ ಸ್ಟ್ಯಾಂಡರ್ಡ್ ದ್ರಾವಣ: ಮೂರು ವರ್ಷ ಬಳಸಿದ ಮೇಲೆ

ಚಿಕ್ಕಬಳ್ಳಾಪುರದಲ್ಲಿ ನಮ್ಮದೊಂದು ಚಿಕ್ಕ ನೀರು ಪರೀಕ್ಷೆ ಲ್ಯಾಬ್ ಇದೆ. ಬಾಗೇಪಲ್ಲಿ, ಗುಡಿಬಂಡೆ ಕಡೆಯ ಬೋರ್‌ವೆಲ್ ನೀರೇ ಜಾಸ್ತಿ ಬರುತ್ತದೆ. ತಂದವರೆಲ್ಲ ಮೊದಲು ಕೇಳುವುದು ಫ್ಲೋರೈಡ್ ಎಷ್ಟಿದೆ ಅಂತ. ಎಲೆಕ್ಟ್ರೋಡ್ ಮೀಟರಿನಲ್ಲಿ ಅಳೆಯುತ್ತೇನೆ. ಮೀಟರಿಗೆ ಅಳತೆ ಹೇಳಿಕೊಡಲು ಮೂರು ವರ್ಷದಿಂದ ಸರ್ಟಿಫಿಕೇಟ್ ಇರುವ, ಲೀಟರಿಗೆ 1000 ಮಿಲಿಗ್ರಾಂ ಫ್ಲೋರೈಡಿನ ದ್ರಾವಣ ಬಳಸುತ್ತಿದ್ದೇನೆ.

ಅದಕ್ಕೂ ಮೊದಲು ಸರ್ಟಿಫಿಕೇಟ್ ಇಲ್ಲದ ಅಗ್ಗದ ಬಾಟಲಿ ತರುತ್ತಿದ್ದೆ. ಮೀಟರ್ ಸ್ಲೋಪ್, ಅಂದರೆ ಫ್ಲೋರೈಡ್ ಹತ್ತರಷ್ಟಾದಾಗ ಎಲೆಕ್ಟ್ರೋಡಿನ ವೋಲ್ಟೇಜ್ ಎಷ್ಟು ಬದಲಾಗುತ್ತದೆ ಅನ್ನುವುದು, 58 ಮಿಲಿವೋಲ್ಟ್ ತೋರಿಸುತ್ತಿತ್ತು. 25 ಡಿಗ್ರಿಯಲ್ಲಿ 59ರ ಹತ್ತಿರ ಇರಬೇಕು, ಹಾಗಾಗಿ ಎಲ್ಲ ಸರಿ ಇದೆ ಅಂದುಕೊಂಡಿದ್ದೆ. ಹೊಸ ಬಾಟಲಿ ಬಂದ ದಿನ ಒಂದೇ ಸ್ಯಾಂಪಲನ್ನು ಎರಡರಲ್ಲೂ ನೋಡಿದೆ. ಹಳೆಯದರಲ್ಲಿ ಲೀಟರಿಗೆ 1.4 ಮಿಲಿಗ್ರಾಂ, ಹೊಸದರಲ್ಲಿ 1.7! ಬೇರೆ ಕಂಪನಿಯ ಸರ್ಟಿಫೈಡ್ ದ್ರಾವಣ ತರಿಸಿ ನೋಡಿದಾಗಲೂ 1.7 ಬಂತು. ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ 1.0, ಬೇರೆ ನೀರೇ ಸಿಗದ ಕಡೆ 1.5. ಮಕ್ಕಳಿರುವ ಮನೆಗೆ ಈ ವ್ಯತ್ಯಾಸ ಚಿಕ್ಕದಲ್ಲ ಅಲ್ವಾ?

ಸ್ಲೋಪ್ ಯಾಕೆ ಹೇಳಲಿಲ್ಲ? ಮೀಟರಿಗೆ ತೋರಿಸುವ, ಲೀಟರಿಗೆ 1 ಮತ್ತು 10 ಮಿಲಿಗ್ರಾಮಿನ ದ್ರಾವಣ ಎರಡನ್ನೂ ಅದೇ ಬಾಟಲಿಯಿಂದ ಮಾಡಿದ್ದೆ. ಬಾಟಲಿಯಲ್ಲೇ ಫ್ಲೋರೈಡ್ ಬರೆದಿದ್ದಕ್ಕಿಂತ ಜಾಸ್ತಿ ಇದ್ದರೆ ಎರಡರಲ್ಲೂ ಅಷ್ಟೇ ಪಾಲು ಜಾಸ್ತಿ ಇರುತ್ತದೆ, ಸ್ಯಾಂಪಲ್ ಕಡಿಮೆ ತೋರಿಸುತ್ತದೆ. ಒಂದರ ಹತ್ತರಷ್ಟು ಇನ್ನೊಂದು ಅನ್ನುವುದು ಮಾತ್ರ ಬದಲಾಗುವುದಿಲ್ಲ, ಸ್ಲೋಪಿಗೆ ಕಾಣುವುದು ಅಷ್ಟೇ. ಮುಚ್ಚಳ ಸಡಿಲವಾಗಿ ನೀರು ಆರಿತ್ತೋ, ಬರುವಾಗಲೇ ಹಾಗಿತ್ತೋ, ತಾಳೆ ನೋಡಲು ಕಾಗದವೇ ಇರಲಿಲ್ಲ. ಹಳೆಯ ರಿಪೋರ್ಟ್ ತೆಗೆದು, 1.2ರಿಂದ 1.5ರ ಒಳಗೆ ಬಂದಿದ್ದವರಿಗೆಲ್ಲ ಫೋನ್ ಮಾಡಿ ಮತ್ತೆ ನೀರು ತರಿಸಿದೆ. ದುಡ್ಡು ತಗೊಳ್ಳಲಿಲ್ಲ.

ಈಗಿನ ಬಾಟಲಿಯ ಸರ್ಟಿಫಿಕೇಟಿನಲ್ಲಿ ಫ್ಲೋರೈಡ್ ಎಷ್ಟಿದೆ, ಅದು ಎಷ್ಟು ಹೆಚ್ಚು ಕಡಿಮೆ ಇರಬಹುದು, ಲಾಟ್ ನಂಬರ್, ಕೊನೆಯ ದಿನಾಂಕ ಎಲ್ಲ ಇದೆ. ಅಳತೆ ಅಮೆರಿಕದ ಸರ್ಕಾರಿ ಅಳತೆ ಸಂಸ್ಥೆಯಾದ ಎನ್‌ಐಎಸ್‌ಟಿಯ ಸ್ಟ್ಯಾಂಡರ್ಡಿನವರೆಗೆ ಹೋಗಿ ಮುಟ್ಟುತ್ತದೆ.

ತೊಂದರೆಯೂ ಇದೆ. ದುಬಾರಿ. 500 ಮಿಲಿಲೀಟರ್ ಬಾಟಲಿ ಮುಗಿಯುವ ಮೊದಲೇ ಅವಧಿ ಮುಗಿಯಿತು, ಸುಮ್ನೆ ಚೆಲ್ಲಬೇಕಾಯಿತು. ನಮ್ಮಂಥ ಲ್ಯಾಬಿಗೆ 100 ಮಿಲಿಲೀಟರಿನದ್ದೇ ಸಾಕು. ತೆಳು ಮಾಡಿದ್ದನ್ನು ಗಾಜಿನಲ್ಲಿ ಇಡಬೇಡಿ, ಪ್ಲಾಸ್ಟಿಕ್ ಬಾಟಲಿ ಬಳಸಿ. ಟಿಸ್ಯಾಬ್ ಬಫರನ್ನು (ಆಮ್ಲೀಯತೆ, ಲವಣದ ಪ್ರಮಾಣ ಎಲ್ಲದರಲ್ಲೂ ಒಂದೇ ಸಮ ಇರುವಂತೆ ಮಾಡುವ ದ್ರಾವಣ) ಸ್ಟ್ಯಾಂಡರ್ಡಿಗೂ ಸ್ಯಾಂಪಲಿಗೂ ಒಂದೇ ಅಳತೆಯಲ್ಲಿ ಹಾಕಿ. ಬಿಸಿಲಲ್ಲಿ ಬಂದ ನೀರು ತಣಿದು, ಎರಡೂ ಒಂದೇ ಶಾಖಕ್ಕೆ ಬಂದ ಮೇಲೆ ಅಳೆಯಿರಿ.

ಕೊಳ್ಳುವಾಗ ಮೊದಲು ಸರ್ಟಿಫಿಕೇಟಿನ ಫೋಟೋ ಕೇಳಿ. ಬಾಟಲಿ ಕೈಗೆ ಬಂದಾಗ ಲಾಟ್ ನಂಬರ್ ತಾಳೆ ನೋಡಿ, ಆಮೇಲೆ ದುಡ್ಡು ಕೊಡಿ.