ಬಂಡೀಪುರ, ಊಟಿ ಪ್ಯಾಕೇಜ್ ಬುಕ್ ಮಾಡುವ ವಿಜಯಪುರದವರು ದಯವಿಟ್ಟು ಓದಿ

ಬೇಸಿಗೆ ರಜೆಗೆ ವಿಜಯಪುರದಿಂದ ಟಿಟಿ (ಟೆಂಪೋ ಟ್ರಾವೆಲರ್) ಮಾಡಿಕೊಂಡು ಬಂಡೀಪುರ, ಊಟಿಗೆ ಹೊರಟಿದ್ದೀರಾ? ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ. ಹ್ಯಾಂಡ್‌ಬಿಲ್‌ನಲ್ಲಿ "ಸಫಾರಿ ಸೇರಿ" ಅಂತ ಇದ್ದರೆ, ಯಾರ ಗಾಡಿ, ಟಿಕೆಟ್ ಎಲ್ಲಿ ಅಂತ ಅಲ್ಲೇ ಕೇಳಿ. ನಮಗೆ ಮೋಸ ಮಾಡಿದ ಟೂರಿನವನ ಹೆಸರು ನಾನು ಹಾಕುವುದಿಲ್ಲ. ಹಾಕಿದರೆ ನಾಳೆ ಬೇರೆ ಹೆಸರಿನ ಬೋರ್ಡ್ ಬರುತ್ತದೆ, ಅಷ್ಟೇ.

ಅವ್ವ, ಅಕ್ಕ, ಮಾಮಾ, ಮಕ್ಕಳು, ಎಲ್ಲರೂ ಸೇರಿ ಹೊರಟಿದ್ದೆವು. ತಲೆಗೆ 9,500. ಸಫಾರಿಗೆ ಬೇರೆ 1,200. ಊಟಿ ಪಾಸಿಗೆ ಅಂತ ಇನ್ನೂ 150. ದುಡ್ಡು ಹೋಗಿದ್ದು ಫೋನ್‌ಪೇಯಲ್ಲಿ, ಯಾರದೋ ಸ್ವಂತ ಹೆಸರಿನ ನಂಬರಿಗೆ. ಬಿಲ್ ಕೇಳಿದರೆ "ವಾಟ್ಸಾಪ್ ಮಾಡ್ತೀನ್ರಿ" ಅಂದ. ಇವತ್ತಿಗೂ ಮಾಡಿಲ್ಲ. ಹ್ಯಾಂಡ್‌ಬಿಲ್ ಮೇಲೆ ದೊಡ್ಡದಾಗಿ ಸಿಂಹದ ಫೋಟೋ. ಬಂಡೀಪುರದಲ್ಲಿ ಸಿಂಹ! ನಮ್ಮ ದೇಶದ ಕಾಡಿನಲ್ಲಿ ಸಿಂಹ ಇರುವುದು ಗುಜರಾತಿನ ಗಿರ್ ಕಡೆ ಮಾತ್ರ ಅಂತ ಅಕ್ಕನ ಮಗನೇ ಹೇಳಿದ. ಅದಕ್ಕೆ ಟೂರಿನವನ ಉತ್ತರ: "ಅದು ಡಿಸೈನ್ ರೀ ಸರ್. ಹುಲಿ ಮಾತ್ರ ಕಂಡ ಕಾಣ್ತದ, ಚಿಂತಿ ಮಾಡಬ್ಯಾಡ್ರಿ."

ಮೈಸೂರಿನ ತನಕ ಸರಿ ಇತ್ತು. ಅರಮನೆ, ಚಾಮುಂಡಿ ಬೆಟ್ಟ ಆಯಿತು. ಆಮೇಲೆ ಡ್ರೈವರ್ "ಹತ್ತೇ ನಿಮಿಷ ರೀ" ಅಂತ ಒಂದು ಸೀರೆ ಅಂಗಡಿಗೆ ಕರೆದುಕೊಂಡು ಹೋದ. ಅಲ್ಲಿಂದ ಗಂಧದೆಣ್ಣೆ ಅಂಗಡಿ. ಕಮಿಷನ್ ವ್ಯವಹಾರ, ಎಲ್ಲ ಕಡೆ ಇರುವುದೇ, ಬಿಡಿ. ಆದರೆ ಹೊರಡುವಷ್ಟರಲ್ಲಿ ಕತ್ತಲಾಗಿತ್ತು. ನಮ್ಮ "ಜಂಗಲ್ ರೆಸಾರ್ಟ್" ಇದ್ದದ್ದು ಮಸಿನಗುಡಿಯಲ್ಲಿ, ಕಾಡು ದಾಟಿ ಆಚೆ. ಬಂಡೀಪುರದ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಗಾಡಿ ಬಿಡುವುದಿಲ್ಲ. 2009ರಿಂದ ಇರುವ ನಿಯಮ ಇದು. ಆ ರೂಟಿನಲ್ಲಿ ಓಡಾಡುವ ಡ್ರೈವರಿಗೆ ಗೊತ್ತಿಲ್ಲದೆ ಇರುತ್ತದಾ? ಗುಂಡ್ಲುಪೇಟೆಗೆ ಬಂದವನೇ ಒಂದು ಲಾಡ್ಜ್ ಮುಂದೆ ನಿಲ್ಲಿಸಿದ. "ಗೇಟ್ ಬಂದ್ ಆತ್ರಿ ಸರ್, ಇವತ್ತು ಇಲ್ಲೇ ಅಡ್ಜಸ್ಟ್ ಮಾಡ್ಕೊಳ್ರಿ."

ಟೂರಿನವನಿಗೆ ಫೋನ್ ಮಾಡಿದೆ. "ಸರಕಾರ ಗೇಟ್ ಹಾಕಿದ್ರ ನಾ ಏನ್ ಮಾಡ್ಲಿರಿ? ನೀವು ಅಂಗಡ್ಯಾಗ ಲೇಟ್ ಮಾಡಿದ್ರಿ" ಅಂದ. ನಾವು ಲೇಟ್ ಮಾಡಿದೆವಂತೆ! ಮಾಮಾ ಒಂದು ಮಾತು ಆಡಲಿಲ್ಲ, ನನ್ನ ಕಡೆ ನೋಡಿ ಸುಮ್ನೆ ನಕ್ಕರು. ಆ ನಗು ಇದೆಯಲ್ಲ, ಅದಕ್ಕಿಂತ ಬೈದಿದ್ದರೆ ವಾಸಿ ಇತ್ತು.

ಆಧಾರ್ ಕಾರ್ಡ್ ಕೊಡೋಣ ಅಂತ ಕೌಂಟರ್‌ಗೆ ಹೋದರೆ ಲಾಡ್ಜಿನ ಹುಡುಗ ರಿಜಿಸ್ಟರ್ ತಿರುವಿ ಹೇಳಿದ: "ನಿಮ್ಮ ರೂಮುಗಳು ಹೋದ ವಾರನೇ ಬುಕ್ ಆಗಿವೆ ಸರ್."

ಹೋದ ವಾರನೇ! ಅಂದರೆ ರೆಸಾರ್ಟ್ ಮೊದಲಿನಿಂದಲೇ ಇರಲಿಲ್ಲ. ಸೀರೆ ಅಂಗಡಿ, ಗಂಧದೆಣ್ಣೆ, ಗೇಟ್ ಬಂದ್, ಎಲ್ಲ ಲೆಕ್ಕ ಹಾಕಿಯೇ ಮಾಡಿದ್ದು. ಮತ್ತೆ ಫೋನ್ ಮಾಡಿದೆ. ಎತ್ತಲಿಲ್ಲ.

ಇದು ಒಂದು. ಸಫಾರಿ ಕೇಳಿ.

ಬೆಳಿಗ್ಗೆ ಮಕ್ಕಳು ಬೈನಾಕ್ಯುಲರ್ ಹಿಡಿದು ಕಿಟಕಿ ಪಕ್ಕ ಕೂತರು. ಮೇಲುಕಾಮನಹಳ್ಳಿ ಬಂತು. ಅರಣ್ಯ ಇಲಾಖೆಯ ಸಫಾರಿ ಕೌಂಟರ್ ಅಲ್ಲೇ ಇರುವುದು, ಜನ ಸಾಲಿನಲ್ಲಿ ನಿಂತಿದ್ದರು. "ಇಲ್ಲೇ ಅಲ್ವಾ?" ಅಂದೆ. "ನಮ್ಮದು ಮುಂದ ಅದ ರೀ" ಅಂದ ಡ್ರೈವರ್. ಮುಂದೆ ಹೋದೆವು. ಊಟಿಗೆ ಹೋಗುವ ಎಲ್ಲ ಬಸ್ಸು, ಕಾರು, ಲಾರಿ ಓಡಾಡುವ ಅದೇ ಹೈವೇ. ನಡುನಡುವೆ ಗಾಡಿ ನಿಧಾನ ಮಾಡಿ "ಬಲಗಡೆ ನೋಡ್ರಿ, ಜಿಂಕಿ" ಅನ್ನುತ್ತಿದ್ದ. ಒಂದು ಕಡೆ ನಿಲ್ಲಿಸಿಯೂ ಬಿಟ್ಟ. ಕಾಡಿನ ರಸ್ತೆಯಲ್ಲಿ ಗಾಡಿ ನಿಲ್ಲಿಸುವಂತಿಲ್ಲ. ಇಲಾಖೆಯ ಜೀಪ್ ಬಂದು ಬೈದು ದಂಡ ಹಾಕಿತು. ದಂಡ ಕೊಟ್ಟವರು ಯಾರು? ನಾವೇ. "ಚೇಂಜ್ ಇಲ್ರಿ ಸರ್, ಆಮ್ಯಾಲೆ ಕೊಡ್ತೀನಿ."

ಕಕ್ಕನಹಳ್ಳ ಚೆಕ್‌ಪೋಸ್ಟ್ ಬಂತು. ಅಲ್ಲಿಗೆ ಕರ್ನಾಟಕ ಮುಗಿಯಿತು, ಮುಂದೆ ತಮಿಳುನಾಡಿನ ಮುದುಮಲೈ. "ಸಫಾರಿ ಯಾವಾಗಪ್ಪ?" ಅಂತ ಕೇಳಿದೆ.

"ಮುಗೀತಲ್ರಿ ಸರ್."

ನನಗೆ ಅರ್ಥವೇ ಆಗಲಿಲ್ಲ. ಏನು ಮುಗೀತು? "ಈಗ ಮಾಡಿದ್ರಲ್ರಿ, ಸಫಾರಿ ಇದ ಅಲ್ರಿ." ತಲೆಗೆ 1,200 ರೂಪಾಯಿ ಕೊಟ್ಟು ಹೈವೇ ಮೇಲೆ ಹೋಗಿದ್ದೇವೆ! ಮಕ್ಕಳು ಇನ್ನೂ ಬೈನಾಕ್ಯುಲರ್‌ನಲ್ಲಿ ನೋಡುತ್ತಲೇ ಇದ್ದರು.

ಟೂರಿನವನು ಕೊನೆಗೆ ಫೋನ್ ಎತ್ತಿದ. ಅವನ ಮಾತು ಹಾಗೇ ಬರೆಯುತ್ತೇನೆ: "ಬಂಡೀಪುರದಾಗಿಂದ ಹೋದ್ರಿಲ್ಲ? ಜಿಂಕಿ ಕಂಡ್ವಿಲ್ಲ? ಮತ್ತ ಸಫಾರಿ ಅಂದ್ರ ಇನ್ನೇನ್ರಿ? ಹುಲಿ ಏನ್ ನಾ ಕಟ್ಟಿ ಹಾಕಿಟ್ಟೀನೇನ್ರಿ?" ಹುಲಿ ಕಾಣದಿದ್ದರೆ ಯಾರೂ ಜಗಳ ಮಾಡುವುದಿಲ್ಲ ಮಾರಾಯಾ. ಇಲಾಖೆಯ ಗಾಡಿ ಎಲ್ಲಿ, ಟಿಕೆಟ್ ಎಲ್ಲಿ ಅಂತ ಕೇಳಿದೆ. "ನೆಟ್‌ವರ್ಕ್ ಇಲ್ರಿ, ಕೇಳವಲ್ದು" ಅಂತ ಇಟ್ಟ.

ಅದೇ ಚೆಕ್‌ಪೋಸ್ಟ್‌ನಲ್ಲಿ ಇನ್ನೊಂದು. ಊಟಿ ಇರುವ ನೀಲಗಿರಿ ಜಿಲ್ಲೆಗೆ ಹೋಗುವ ಹೊರಗಿನ ಗಾಡಿಗಳಿಗೆ ಇ-ಪಾಸ್ ಬೇಕು. ಮದ್ರಾಸ್ ಹೈಕೋರ್ಟ್ ಹೇಳಿದ ಮೇಲೆ 2024ರ ಮೇ 7ರಿಂದ ಶುರುವಾಗಿದ್ದು. 2025ರಿಂದ ಸೀಸನ್‌ನಲ್ಲಿ ದಿನಕ್ಕೆ 6,000 ಗಾಡಿ, ಶನಿವಾರ ಭಾನುವಾರ 8,000 ಅಂತ ಮಿತಿ ಕೂಡ ಹಾಕಿದ್ದಾರೆ. ನಮ್ಮ ಗಾಡಿಗೆ ಪಾಸೇ ಮಾಡಿಸಿರಲಿಲ್ಲ. ಅಕ್ಕನ ಮಗ ಫೋನ್ ಹಿಡಿದು, ಸಿಗ್ನಲ್ ಹುಡುಕುತ್ತ ಅಲ್ಲೇ ನಿಂತು ಮಾಡಿದ. ಒಂದು ರೂಪಾಯಿ ಖರ್ಚಾಗಲಿಲ್ಲ. ಅದು ಫ್ರೀ! ಗಾಡಿಗೆ ಒಂದು ಪಾಸ್, ಅದೂ ಫ್ರೀ. ಇವನು ತಲೆಗೆ 150 ತಿಂದಿದ್ದಾನೆ, ಸಣ್ಣ ಮಕ್ಕಳ ತಲೆಯನ್ನೂ ಎಣಿಸಿ. "ನೀರು ನಮ್ಮ ಕಡೆಯಿಂದ ಫ್ರೀ" ಅಂತ ಹೇರಿದ್ದ ಬಾಟಲಿ ಬಾಕ್ಸನ್ನೂ ಅಲ್ಲೇ ಇಳಿಸಿಕೊಂಡರು. ನೀಲಗಿರಿಗೆ ಅಂಥ ಪ್ಲಾಸ್ಟಿಕ್ ಬಿಡುವುದಿಲ್ಲ. ಅದೂ ಅವನಿಗೆ ಗೊತ್ತಿಲ್ಲವಂತೆ.

ಊಟಿ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಅವ್ವ ಸ್ವೆಟರ್ ಹಾಕಿಕೊಂಡು ಖುಷಿಯಾಗಿದ್ದಳು. ಆದರೆ ಟಾಯ್ ಟ್ರೇನ್? ಸ್ಟೇಷನ್‌ಗೆ ಕರೆದುಕೊಂಡು ಹೋದ, ರೈಲಿನ ಮುಂದೆ ನಿಲ್ಲಿಸಿದ, ಫೋಟೋ ತೆಗೆದ. ಟಿಕೆಟ್ ಇಲ್ಲ. ಸೀಸನ್‌ನಲ್ಲಿ ಮುಂಚೆಯೇ ರಿಸರ್ವ್ ಮಾಡಬೇಕು ಅಂತ ಸ್ಟೇಷನ್‌ನವರು ಹೇಳಿದರು. ಟೂರಿನವನಿಗೆ ಮೆಸೇಜ್ ಹಾಕಿದರೆ ಕೈ ಮುಗಿಯುವ ಚಿತ್ರ ಕಳಿಸಿದ. ಬರೀ ಕೈ ಮುಗಿಯುವ ಚಿತ್ರ.

ಊರಿಗೆ ಬಂದು ಆಫೀಸಿಗೇ ಹೋದೆ. ಚಹಾ ತರಿಸಿದ! "ಸರ್, ನೀವು ಮನಿ ಮಂದಿ ಇದ್ದಂಗ" ಅಂದ. ಸಫಾರಿ ದುಡ್ಡು, ಪಾಸಿನ ದುಡ್ಡು, ದಂಡದ ದುಡ್ಡು ವಾಪಸ್ ಕೊಡು ಅಂದೆ. "ಡ್ರೈವರ್ ಕಡೆ ಕೇಳ್ರಿ, ಗಾಡಿ ನಂದಲ್ಲ" ಅಂದ. ಡ್ರೈವರ್ "ಸೇಠ್‌ನ ಕೇಳ್ರಿ" ಅನ್ನುತ್ತಾನೆ. 1915ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ, ಗ್ರಾಹಕರ ಸಹಾಯವಾಣಿ ಅದು. ಬಿಲ್ ಇದೆಯಾ ಅಂತ ಕೇಳಿದರು. ಫೋನ್‌ಪೇ ಸ್ಕ್ರೀನ್‌ಶಾಟ್, ಹ್ಯಾಂಡ್‌ಬಿಲ್, ಅವನ ವಾಯ್ಸ್ ಮೆಸೇಜ್ ಎಲ್ಲ ಇಟ್ಟುಕೊಂಡಿದ್ದೇನೆ. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗುತ್ತೇನೆ, ಬಿಡುವುದಿಲ್ಲ.

ನೀವು ಹೋಗುವುದಾದರೆ ಸಫಾರಿ ಟಿಕೆಟ್ ನೀವೇ ಇಲಾಖೆಯಿಂದ ತಗೊಳ್ಳಿ. ಖಾಸಗಿ ಟಿಟಿಯನ್ನು ಯಾರೂ ಸಫಾರಿಗೆ ಒಳಗೆ ಬಿಡುವುದಿಲ್ಲ, ಯಾರೂ. ಊಟಿ ಪಾಸಿಗೆ ದುಡ್ಡು ಕೇಳಿದರೆ ಅಲ್ಲಿಂದಲೇ ಎದ್ದು ಬನ್ನಿ. ರೂಮಿನ ಹೆಸರು, ಊರು ತಿಳಿದುಕೊಂಡು ನೀವೇ ಒಂದು ಫೋನ್ ಮಾಡಿ. ಸಂಜೆ ಮೈಸೂರಿನಲ್ಲಿ ಸೀರೆ ಅಂಗಡಿ ಅಂದರೆ ಗಾಡಿಯಿಂದ ಇಳಿಯಲೇಬೇಡಿ.

ಈಗ ಅವನು ದಾಂಡೇಲಿ ಟ್ರಿಪ್ ಶುರು ಮಾಡಿದ್ದಾನೆ, ಬೆಳಗಾವಿ, ಬಾಗಲಕೋಟೆ ಕಡೆಯಿಂದಲೂ ಪಿಕಪ್ ಅಂತೆ. ನನಗೇ ಮೆಸೇಜ್ ಬಂದಿದೆ: "ಹಳೇ ಕಸ್ಟಮರ್‌ಗೆ ಡಿಸ್ಕೌಂಟ್, ಸಫಾರಿ ಸೇರಿ." ಅಲ್ಲೂ ಕಾಳಿ ಹುಲಿ ಅಭಯಾರಣ್ಯದ ಸಫಾರಿ ಅರಣ್ಯ ಇಲಾಖೆಯದೇ, ಪಣಸೋಲಿಯಿಂದ. ಜೀಪ್ ಯಾರದು, ಟಿಕೆಟ್ ಯಾವುದು ಅಂತ ಕೇಳಿದ್ದೇನೆ. ಎರಡು ನೀಲಿ ಟಿಕ್ ಬಂದಿವೆ, ಉತ್ತರ ಬಂದಿಲ್ಲ.